ಲೆಕ್ಕ ಕೇಳಿದ ಡಾಕ್ಟರ್: ಆರ್ಚಿ ಕೊಕ್ರೇನ್

ಲ್ಯಾಬ್‌ನಲ್ಲಿ ಸರ್ಕ್ಯೂಟ್ ಕೆಲಸ ಮಾಡ್ತಾ ಇಲ್ಲ ಅಂದ್ರೆ ನಾವೇನು ಮಾಡ್ತೇವೆ? ಒಂದು ವೈರ್ ಬದಲಿಸ್ತೇವೆ, ಒಂದು ರೆಸಿಸ್ಟರ್ ಬದಲಿಸ್ತೇವೆ, ಬ್ರೆಡ್‌ಬೋರ್ಡಿಗೆ ಮೆಲ್ಲ ಒಂದು ಪೆಟ್ಟು ಕೊಡ್ತೇವೆ. ಎಲ್ಇಡಿ ಹತ್ತಿಕೊಳ್ಳುತ್ತದೆ. ಮೂರರಲ್ಲಿ ಯಾವುದರಿಂದ ಹತ್ತಿತು ಅಂತ ವೈವಾದಲ್ಲಿ ಕೇಳಿದ್ರೆ ಯಾರ ಹತ್ತಿರವೂ ಉತ್ತರ ಇಲ್ಲ. ಸರ್ಕ್ಯೂಟ್ ಆದ್ರೆ ತೊಂದರೆ ಇಲ್ಲ ಮಾರಾಯ್ರೆ. ಉಸಿರಾಡಲು ಒದ್ದಾಡುವ ಆರು ತಿಂಗಳ ಮಗುವಿನ ವಿಷಯದಲ್ಲಿ ಇದೇ ಪ್ರಶ್ನೆ ಬಂದ್ರೆ?

ನಮ್ಮ ಶಿರ್ತಾಡಿ ಕಡೆ ಮಳೆ ಹಿಡಿದ ಮೇಲೆ ಮನೆಗಳಲ್ಲಿ ಈ ಮಾತು ಮಾಮೂಲು. ಮಗುವಿಗೆ ಶೀತ ಆಗಿ ಎರಡು ಮೂರು ದಿನಕ್ಕೆ ಎದೆಯಲ್ಲಿ ಗುರುಗುರು ಶಬ್ದ, ಹಾಲು ಕುಡಿಯಲು ಆಗುವುದಿಲ್ಲ, ಪಕ್ಕೆಲುಬು ಒಳಗೆ ಎಳೆದುಕೊಳ್ಳುತ್ತದೆ. ರಿಕ್ಷಾ ಹಿಡಿದು ಮೂಡಬಿದಿರೆಗೆ ಓಡುತ್ತಾರೆ, ಜೋರಾದರೆ ಮಂಗಳೂರಿಗೆ. ಒಂದು ವರ್ಷದ ಒಳಗಿನ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಈ ಕಾಯಿಲೆಯ ಹೆಸರು ಬ್ರಾಂಕಿಯೋಲೈಟಿಸ್. ಹೆಚ್ಚಿನ ಸಲ ಕಾರಣ ಆರ್‌ಎಸ್‌ವಿ ಅನ್ನುವ ವೈರಸ್. ಶ್ವಾಸಕೋಶದ ಒಳಗಿನ ಅತಿ ಸಣ್ಣ ಕೊಳವೆಗಳು ಊದಿಕೊಳ್ಳುತ್ತವೆ, ಕಫ ಮತ್ತು ಸತ್ತ ಜೀವಕೋಶಗಳು ಸೇರಿ ದಾರಿ ಕಟ್ಟುತ್ತವೆ. ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಇದರ ಗಂಭೀರತೆ ಬೇಗ ಗೊತ್ತಾಗುತ್ತದೆ. ನೇರವಾಗಿ ಹರಿಯುವ ಹರಿವಿನಲ್ಲಿ ಕೊಳವೆಯ ತ್ರಿಜ್ಯ ಅರ್ಧ ಆದರೆ ಪ್ರತಿರೋಧ 16 ಪಟ್ಟು. ದೊಡ್ಡವರ ಕೊಳವೆಯಲ್ಲಿ ಒಂದಿಷ್ಟು ಊತ ಬಂದರೆ ಬರೇ ಕೆಮ್ಮು. ಹಸುಗೂಸಿನ ಕೊಳವೆಗೆ ಅಷ್ಟೇ ಊತ ಬಂದರೆ ಉಸಿರೇ ಕಷ್ಟ.

ಊತ ಅಂದ ಕೂಡಲೇ ಯಾರಿಗಾದರೂ ಹೊಳೆಯುವ ಮದ್ದು ಸ್ಟೀರಾಯ್ಡ್. ಕಾರ್ಟಿಕೊಸ್ಟೀರಾಯ್ಡ್‌ಗಳು ಊತ ಇಳಿಸುವುದರಲ್ಲಿ ಎತ್ತಿದ ಕೈ. ಅಸ್ತಮಾ ಜೋರಾದಾಗ ಕೆಲಸ ಮಾಡುತ್ತವೆ, ಮಕ್ಕಳ ಗಂಟಲ ಭಾಗ ಊದಿಕೊಳ್ಳುವ ಕ್ರೂಪ್ ಕಾಯಿಲೆಗೂ ಕೆಲಸ ಮಾಡುತ್ತವೆ. ಹಾಗಾದ್ರೆ ಬ್ರಾಂಕಿಯೋಲೈಟಿಸ್‌ಗೂ ಆಗಲೇಬೇಕಲ್ಲ? ತರ್ಕ ಸರಿ ಇದೆ. ಆದರೆ ತರ್ಕ ಸರಿ ಇದ್ದ ಮಾತ್ರಕ್ಕೆ ಮಗು ಗುಣ ಆಗ್ತದಾ, ಲೆಕ್ಕ ಎಲ್ಲಿ ಅಂತ ಜೀವನಪೂರ್ತಿ ಕೇಳುತ್ತಾ ಹೋದ ಒಬ್ಬ ಡಾಕ್ಟರ್ ಇದ್ದರು. ಅವರು ಮಕ್ಕಳ ಡಾಕ್ಟರ್ ಅಲ್ಲ, ಸ್ಟೀರಾಯ್ಡ್ ಮೇಲೆ ಸಂಶೋಧನೆ ಮಾಡಿದವರೂ ಅಲ್ಲ. ಆದರೂ ಇವತ್ತು ಯಾವ ಮಗುವಿಗೆ ಸ್ಟೀರಾಯ್ಡ್ ಕೊಡಬೇಕು, ಯಾವ ಮಗುವಿಗೆ ಬೇಡ ಅನ್ನುವ ತೀರ್ಮಾನದ ಹಿಂದೆ ಅವರ ಹೆಸರು ಉಂಟು. ಅವರೇ ಆರ್ಚಿ ಕೊಕ್ರೇನ್.

ಹಣ ಇತ್ತು, ಅಪ್ಪ ಇರಲಿಲ್ಲ

ಆರ್ಚಿಬಾಲ್ಡ್ ಲೆಮನ್ ಕೊಕ್ರೇನ್ ಹುಟ್ಟಿದ್ದು 1909ರ ಜನವರಿ 12ರಂದು, ಸ್ಕಾಟ್ಲೆಂಡಿನ ಗಾಲಾಶೀಲ್ಸ್ ಅನ್ನುವ ಊರಿನಲ್ಲಿ. ಮನೆತನದವರಿಗೆ ಉಣ್ಣೆ ಬಟ್ಟೆಯ ಮಿಲ್ಲು, ಕೈತುಂಬ ಹಣ. ಆದರೆ ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಗಾಜಾದ ಕಾಳಗದಲ್ಲಿ ಅಪ್ಪ ತೀರಿಕೊಂಡರು. ಆಗ ಆರ್ಚಿಗೆ ಎಂಟು ವರ್ಷ.

ಓದಿನಲ್ಲಿ ಹುಡುಗ ಚುರುಕು. ಸ್ಕಾಲರ್‌ಶಿಪ್ ಪಡೆದು ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜು ಸೇರಿ, ನ್ಯಾಚುರಲ್ ಸೈನ್ಸಸ್‌ನಲ್ಲಿ ಫಸ್ಟ್ ಕ್ಲಾಸ್ ಬಂದರು. ನಂತರ ಒಂದು ಸ್ವಂತ ಆರೋಗ್ಯದ ತೊಂದರೆಗೆ ಉತ್ತರ ಹುಡುಕುತ್ತಾ ಬರ್ಲಿನ್‌ಗೆ ಹೋದರು. ಫ್ರಾಯ್ಡ್ ಅವರ ಶಿಷ್ಯ ಥಿಯೊಡರ್ ರೈಕ್ ಹತ್ತಿರ ಮನೋವಿಶ್ಲೇಷಣೆ ಮಾಡಿಸಿಕೊಂಡರು. ನಾಜಿಗಳ ಕಾಟಕ್ಕೆ ಯಹೂದಿಯಾದ ರೈಕ್ ಊರು ಬದಲಿಸಿದ ಹಾಗೆ ಇವರೂ ವಿಯೆನ್ನಾ, ಹೇಗ್ ಅಂತ ಹಿಂದೆ ಹಿಂದೆ ಹೋದರು. ಅದರಿಂದ ಎರಡು ಲಾಭ ಆಯಿತು. ಒಂದು, ಜರ್ಮನ್ ಭಾಷೆ ಚೆನ್ನಾಗಿ ಬಂತು. ಎರಡು, ದೊಡ್ಡ ದೊಡ್ಡ ಸಿದ್ಧಾಂತಗಳಿಗೆ ಪ್ರಯೋಗದ ಆಧಾರ ಎಲ್ಲಿದೆ ಅನ್ನುವ ಸಂಶಯ ತಲೆಯೊಳಗೆ ಕೂತಿತು. ಅವರ ತೊಂದರೆಯ ಮೂಲ ಪಾರ್ಫೀರಿಯಾ ಅನ್ನುವ ವಂಶಪಾರಂಪರ್ಯ ಕಾಯಿಲೆ ಇರಬಹುದು ಅಂತ ಎಷ್ಟೋ ವರ್ಷಗಳ ನಂತರ ಗೊತ್ತಾಯಿತು. ಆಗ ಅವರು ಸುಮ್ಮನೆ ಕೂರಲಿಲ್ಲ. ದೇಶ ವಿದೇಶಗಳಲ್ಲಿ ಹರಡಿದ್ದ ನೂರಕ್ಕೂ ಹೆಚ್ಚು ಸಂಬಂಧಿಕರನ್ನು ಪತ್ತೆಹಚ್ಚಿ, ಅವರೆಲ್ಲರ ಸ್ಯಾಂಪಲ್ ತರಿಸಿ ಪರೀಕ್ಷೆ ಮಾಡಿಸಿದರು. ಮಲಮೂತ್ರದ ಸ್ಯಾಂಪಲ್ ಕೊಡಿ ಅಂತ ನೆಂಟರಿಗೆಲ್ಲ ಪತ್ರ ಬರೆಯುವವನ ಧೈರ್ಯ ಯೋಚನೆ ಮಾಡಿ!

ಲಂಡನ್‌ನಲ್ಲಿ ಮೆಡಿಕಲ್ ಓದುತ್ತಿದ್ದಾಗ ಸ್ಪೇನಿನಲ್ಲಿ ಅಂತರ್ಯುದ್ಧ ಶುರುವಾಯಿತು. 1936ರಲ್ಲಿ ಕೋರ್ಸ್ ಅರ್ಧಕ್ಕೆ ಬಿಟ್ಟು, ಫ್ರಾಂಕೊ ವಿರುದ್ಧ ಹೋರಾಡುತ್ತಿದ್ದವರ ಆಂಬುಲೆನ್ಸ್ ಪಡೆಯಲ್ಲಿ ಕೆಲಸ ಮಾಡಲು ಹೋದರು. ವಾಪಸ್ ಬಂದು 1938ರಲ್ಲಿ ಡಾಕ್ಟರ್ ಆದರು. ಅದೇ ಕಾಲದಲ್ಲಿ ಲಂಡನ್‌ನ ಒಂದು ಮೆರವಣಿಗೆಯಲ್ಲಿ ಒಬ್ಬರೇ ಒಂದು ಫಲಕ ಹಿಡಿದು ನಡೆದರಂತೆ. ಪರಿಣಾಮ ಇರುವ ಚಿಕಿತ್ಸೆ ಎಲ್ಲವೂ ಜನರಿಗೆ ಉಚಿತವಾಗಿ ಸಿಗಬೇಕು ಅನ್ನುವ ಅರ್ಥದ ಫಲಕ. ಯಾರೂ ಅದಕ್ಕೆ ಹೆಚ್ಚು ಬೆಲೆ ಕೊಡಲಿಲ್ಲ. ಅದರಲ್ಲಿ ಉಚಿತ ಅನ್ನುವುದಷ್ಟೇ ಜನರ ಕಣ್ಣಿಗೆ ಬೀಳುವ ಪದ. ಕೊಕ್ರೇನ್ ಅವರ ಉಳಿದ ಐವತ್ತು ವರ್ಷ ಹೋದದ್ದು ಅದರ ಪಕ್ಕದ ಪದಕ್ಕೆ, ಪರಿಣಾಮ ಇರುವ ಅನ್ನುವುದಕ್ಕೆ.

ಸೆರೆಮನೆಯ ಪ್ರಯೋಗ

ಎರಡನೇ ಮಹಾಯುದ್ಧದಲ್ಲಿ ಅವರು ಬ್ರಿಟಿಷ್ ಸೇನೆಯ ವೈದ್ಯಕೀಯ ಪಡೆಯಲ್ಲಿ ಕ್ಯಾಪ್ಟನ್. 1941ರಲ್ಲಿ ಕ್ರೀಟ್ ದ್ವೀಪ ಜರ್ಮನ್ನರ ಕೈಗೆ ಹೋದಾಗ ಇವರೂ ಸೆರೆ ಸಿಕ್ಕಿದರು. ಗ್ರೀಸ್ ದೇಶದ ಸಲೋನಿಕಾದ ಯುದ್ಧಕೈದಿಗಳ ಶಿಬಿರದಲ್ಲಿ, ಜರ್ಮನ್ ಬರುವ ಡಾಕ್ಟರ್ ಅಂತ ಕೈದಿಗಳ ಆರೋಗ್ಯದ ಜವಾಬ್ದಾರಿ ಇವರ ತಲೆಗೆ ಬಂತು. ಊಟ ದಿನಕ್ಕೆ ಸುಮಾರು 600 ಕ್ಯಾಲೊರಿ. ಎಲ್ಲರಿಗೂ ಭೇದಿ. ಮೇಲಿಂದ ಟೈಫಾಯ್ಡ್, ಡಿಫ್ತೀರಿಯಾ, ಕಾಮಾಲೆ. ಮದ್ದು ಹೆಸರಿಗೆ ಮಾತ್ರ. ನೂರಾರು ಜನ ಸಾಯುತ್ತಾರೆ ಅಂತ ಕೊಕ್ರೇನ್ ಲೆಕ್ಕ ಹಾಕಿದ್ದರು. ಆದರೆ ಅವರ ಲೆಕ್ಕದ ಪ್ರಕಾರ ಕೊನೆಗೆ ಸತ್ತವರು ನಾಲ್ಕೇ ಜನ, ಅದರಲ್ಲೂ ಮೂವರು ಜರ್ಮನ್ ಕಾವಲುಗಾರರ ಗುಂಡಿಗೆ.

ಬೇರೆ ಯಾರಾದರೂ ಆಗಿದ್ದರೆ ನನ್ನ ಕೈಗುಣ ಅನ್ನುತ್ತಿದ್ದರೇನೋ. ಕೊಕ್ರೇನ್ ಮಾತ್ರ ತಾನು ಕೊಟ್ಟ ಮದ್ದಿಗೂ ಇವರು ಬದುಕಿದ್ದಕ್ಕೂ ಸಂಬಂಧ ಇಲ್ಲ, ದೇಹವೇ ತನ್ನನ್ನು ತಾನು ರಿಪೇರಿ ಮಾಡಿಕೊಂಡಿತು ಅಂತ ತೀರ್ಮಾನಿಸಿದರು. ಈ ಮಾತು ಬ್ರಾಂಕಿಯೋಲೈಟಿಸ್‌ಗೂ ಸರಿಯಾಗಿ ಹೊಂದುತ್ತದೆ, ಮುಂದೆ ನೋಡೋಣ. ತಾನಾಗಿಯೇ ಗುಣ ಆಗುವ ಕಾಯಿಲೆಗೆ ಯಾವ ಮದ್ದು ಕೊಟ್ಟರೂ ಅದು ಕೆಲಸ ಮಾಡಿದ ಹಾಗೆ ಕಾಣುತ್ತದೆ.

ಅದೇ ಶಿಬಿರದಲ್ಲಿ ಕೈದಿಗಳ ಕಾಲು ಊದಿಕೊಳ್ಳಲು ಶುರುವಾಯಿತು. ಕೊಕ್ರೇನ್ ಕಾಲೂ ಊದಿತು. ಬಿ ವಿಟಮಿನ್ ಕೊರತೆಯಿಂದ ಬರುವ ಬೆರಿಬೆರಿ ಇರಬಹುದು ಅಂತ ಅವರಿಗೆ ಅನುಮಾನ. ಹಡಗಿನ ನಾವಿಕರ ಸ್ಕರ್ವಿ ಕಾಯಿಲೆಗೆ ನಿಂಬೆ ಕಿತ್ತಳೆ ಕೊಟ್ಟು ಪರೀಕ್ಷೆ ಮಾಡಿದ್ದ ಜೇಮ್ಸ್ ಲಿಂಡ್ ನೆನಪಾದ. ಕಳ್ಳಸಂತೆಯಲ್ಲಿ ಸ್ವಲ್ಪ ಯೀಸ್ಟ್ ಸಂಪಾದಿಸಿ, 20 ಜನ ಕೈದಿಗಳನ್ನು ಹತ್ತು ಹತ್ತರ ಎರಡು ಗುಂಪು ಮಾಡಿದರು. ಒಂದು ಕೋಣೆಯವರಿಗೆ ಯೀಸ್ಟ್, ಇನ್ನೊಂದು ಕೋಣೆಯವರಿಗೆ ವಿಟಮಿನ್ ಸಿ. ಮೂತ್ರದ ಪ್ರಮಾಣ ಅಳೆಯಬೇಕು ಅಂದ್ರೆ ಬಕೆಟ್ ಇಲ್ಲ. ಹಾಗಾಗಿ ಎಷ್ಟು ಸಲ ಹೋಗ್ತಾರೆ ಅಂತ ಎಣಿಸಿದರು. ನಾಲ್ಕನೇ ದಿನಕ್ಕೆ ಯೀಸ್ಟ್ ಕೋಣೆಯಲ್ಲಿ ಹತ್ತರಲ್ಲಿ ಎಂಟು ಜನರಿಗೆ ಹಾಯೆನಿಸಿತ್ತು. ಇನ್ನೊಂದು ಕೋಣೆಯಲ್ಲಿ ಯಾರಿಗೂ ಇಲ್ಲ.

ಈ ಲೆಕ್ಕವನ್ನು ಬರೆದು ಜರ್ಮನ್ ಅಧಿಕಾರಿಗಳ ಮುಂದೆ ಇಟ್ಟರು. ಬೇಡಿಕೊಂಡಾಗ ಏನೂ ಕೊಡದವರು ಅಂಕಿಅಂಶ ನೋಡಿ ಕರಗಿದರು. ಶಿಬಿರಕ್ಕೆ ಯೀಸ್ಟ್ ಬಂತು, ಊಟವೂ ಸ್ವಲ್ಪ ಹೆಚ್ಚಾಯಿತು, ಊತ ಇಳಿಯಿತು. ನಮ್ಮ ಕಣ್ಣಿಗೆ ಇದರಲ್ಲಿ ಬೇಕಾದಷ್ಟು ದೋಷ ಕಾಣುತ್ತದೆ. ಸ್ಯಾಂಪಲ್ ಸಣ್ಣದು, ಸಮಯ ಕಡಿಮೆ, ಅಳತೆ ಒರಟು. ಬೆರಿಬೆರಿ ಅನ್ನುವ ಅನುಮಾನವೂ ಬಹುಶಃ ಸರಿ ಇರಲಿಲ್ಲ ಅಂತ ಅವರೇ ಮುದುಕರಾದ ಮೇಲೆ ಬರೆದರು. ಅವರ ಮೊದಲ, ಅತಿ ಕೆಟ್ಟ ಮತ್ತು ಅತಿ ಯಶಸ್ವಿ ಪ್ರಯೋಗ ಇದೇ ಅಂತ ಅವರ ಲೆಕ್ಕ.

ಸಂಖ್ಯೆಗಳ ಮನುಷ್ಯ ಅಂದ ಕೂಡಲೇ ಒಣ ಮನುಷ್ಯ ಅಂದುಕೊಳ್ಳಬೇಡಿ. ಆಮೇಲೆ ಜರ್ಮನಿಯ ಎಲ್ಸ್ಟರ್‌ಹಾರ್ಸ್ಟ್ ಶಿಬಿರದಲ್ಲಿ ಇದ್ದಾಗ ಒಂದು ರಾತ್ರಿ ಸಾಯುವ ಸ್ಥಿತಿಯಲ್ಲಿದ್ದ ಯುವ ಸೋವಿಯತ್ ಕೈದಿಯನ್ನು ತಂದು ಹಾಕಿದರು. ಕ್ಷಯದಿಂದ ಶ್ವಾಸಕೋಶ ಹಾಳಾಗಿತ್ತು, ಅವನು ಚೀರುತ್ತಲೇ ಇದ್ದ. ಶ್ವಾಸಕೋಶದ ಪೊರೆಯ ಊತದ ನೋವು ಅಂತ ಕೊಕ್ರೇನ್ ಅಂದಾಜು. ಮಾರ್ಫಿನ್ ಇಲ್ಲ, ಆಸ್ಪಿರಿನ್ ಕೊಟ್ಟರೆ ನಾಟಲಿಲ್ಲ. ಅವನ ಭಾಷೆಯೂ ಬರುವುದಿಲ್ಲ. ದಾರಿ ಕಾಣದೆ ಹಾಸಿಗೆಯ ಮೇಲೆ ಕೂತು ಅವನನ್ನು ತಬ್ಬಿಕೊಂಡರು. ಚೀರಾಟ ಕೂಡಲೇ ನಿಂತಿತು. ಕೆಲವು ಗಂಟೆಗಳ ನಂತರ ಅವರ ತೋಳಿನಲ್ಲೇ ಶಾಂತವಾಗಿ ಸತ್ತ. ಅವನನ್ನು ಕಾಡಿದ್ದು ಒಂಟಿತನ, ತನ್ನ ರೋಗನಿರ್ಣಯ ತಪ್ಪು ಅಂತ ನಾಚಿಕೊಂಡು ಕೊಕ್ರೇನ್ ಈ ವಿಷಯವನ್ನು ತುಂಬಾ ವರ್ಷ ಯಾರಿಗೂ ಹೇಳಲಿಲ್ಲ.

ಗಣಿಯ ಧೂಳು, ತನ್ನದೇ ಕಂಕುಳ

ಯುದ್ಧ ಮುಗಿದ ಮೇಲೆ ಲಂಡನ್‌ನಲ್ಲಿ ಆಸ್ಟಿನ್ ಬ್ರಾಡ್‌ಫೋರ್ಡ್ ಹಿಲ್ ಅವರ ಹತ್ತಿರ ಅಂಕಿಅಂಶ ಶಾಸ್ತ್ರ ಕಲಿತರು. ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಒಂದಕ್ಕೆ ಮಾತ್ರ ಹೊಸ ಮದ್ದು ಕೊಟ್ಟು ಹೋಲಿಸುವ ರ‍್ಯಾಂಡಮೈಸ್ಡ್ ಟ್ರಯಲ್ ಪದ್ಧತಿಯನ್ನು ವೈದ್ಯಲೋಕಕ್ಕೆ ಗಟ್ಟಿಯಾಗಿ ತಂದವರು ಹಿಲ್. 1948ರಲ್ಲಿ ಅವರ ಸಲಹೆಯಂತೆ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಡಾಕ್ಟರ್ ತನಗೆ ಬೇಕಾದವರಿಗೆ ಮದ್ದು ಕೊಟ್ಟರೆ, ಮೊದಲೇ ಗಟ್ಟಿ ಇದ್ದವರೇ ಆ ಗುಂಪಿಗೆ ಸೇರಿಬಿಡಬಹುದು. ಚೀಟಿಗೆ ಆ ಪಕ್ಷಪಾತ ಇಲ್ಲ. ಇಷ್ಟೇ ಅದರ ಗುಟ್ಟು.

ಅದೇ 1948ರಲ್ಲಿ ಕೊಕ್ರೇನ್ ವೇಲ್ಸ್‌ಗೆ ಹೋದರು. ಅಲ್ಲಿ ಕಲ್ಲಿದ್ದಲ ಗಣಿ ಕಾರ್ಮಿಕರ ಶ್ವಾಸಕೋಶದಲ್ಲಿ ಧೂಳು ತುಂಬಿ ಬರುವ ನ್ಯೂಮೊಕೊನಿಯೋಸಿಸ್ ಕಾಯಿಲೆಯ ಸಂಶೋಧನೆ. ಧೂಳಿನ ಜೊತೆ ಕ್ಷಯ ಸೇರಿದಾಗಲೇ ಕಾಯಿಲೆ ಉಲ್ಬಣಿಸುತ್ತದಾ ಅನ್ನುವುದು ಪ್ರಶ್ನೆ. ಅದಕ್ಕೆ ಅವರು ಎರಡು ಕಣಿವೆಗಳನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಒಂದು ಕಣಿವೆಯಲ್ಲಿ ಎಲ್ಲರ ಎಕ್ಸ್‌ರೇ ತೆಗೆದು ಕ್ಷಯ ಇದ್ದವರಿಗೆ ಚಿಕಿತ್ಸೆ, ಪಕ್ಕದ ಕಣಿವೆ ಹೋಲಿಕೆಗೆ. ಮನೆಮನೆ ತಿರುಗಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರನ್ನು ಎಕ್ಸ್‌ರೇ ವ್ಯಾನಿಗೆ ಹತ್ತಿಸಿದರು. ನಿರೀಕ್ಷಿಸಿದ್ದ ಸ್ಪಷ್ಟ ವ್ಯತ್ಯಾಸ ಮಾತ್ರ ಸಿಗಲಿಲ್ಲ. ಆದರೆ ಒಂದು ಇಡೀ ಊರನ್ನು ಬಿಡದೆ ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ಮಾಡಬಹುದು ಅಂತ ಜಗತ್ತಿಗೆ ತೋರಿಸಿದರು.

1956ರಲ್ಲಿ ಅವರ ಮೇಲೇ ಒಂದು ಘಟನೆ ನಡೆಯಿತು. ಚರ್ಮದಲ್ಲಿ ಸಣ್ಣ ಕ್ಯಾನ್ಸರ್ ಕಾಣಿಸಿಕೊಂಡಿತ್ತು. ಹಿರಿಯ ಸರ್ಜನ್ ಆಪರೇಷನ್ ಮಾಡುವಾಗ ಕಂಕುಳ ತುಂಬ ಕ್ಯಾನ್ಸರ್ ಹರಡಿದೆ ಅಂತ ಕಣ್ಣಳತೆಯಲ್ಲೇ ಖಚಿತ ಮಾಡಿಕೊಂಡು, ಎದೆಯ ಒಂದು ಸ್ನಾಯುವನ್ನೂ ತೆಗೆದುಹಾಕಿದರು. ಬದುಕು ಇನ್ನು ಸ್ವಲ್ಪವೇ ಅಂತ ರೋಗಿಗೆ ಹೇಳಿಯೂ ಆಯಿತು. ಕೊಕ್ರೇನ್ ಸಾಯಲು ಮಾನಸಿಕವಾಗಿ ತಯಾರಾದರು. ಆಮೇಲೆ ಪೆಥಾಲಜಿ ರಿಪೋರ್ಟ್ ಬಂತು. ತೆಗೆದ ಮಾಂಸದಲ್ಲಿ ಕ್ಯಾನ್ಸರ್ ಇರಲೇ ಇಲ್ಲ. ಸರ್ಜನ್ ಕೆಟ್ಟವರಲ್ಲ, ಅನುಭವಿ. ರಿಪೋರ್ಟ್ ಬರುವ ತನಕ ಕಾಯುವ ಅಗತ್ಯ ಅವರಿಗೆ ಕಂಡಿರಲಿಲ್ಲ. ಅದಕ್ಕಿಂತ ಆಶ್ಚರ್ಯದ ವಿಷಯ ಏನಂದ್ರೆ, ಎಲ್ಲದಕ್ಕೂ ಲೆಕ್ಕ ಕೇಳುವ ಕೊಕ್ರೇನ್ ಕೂಡ ಆವತ್ತು ಕೇಳದೆ ನಂಬಿದ್ದರು.

ಈ ಅತಿವಿಶ್ವಾಸವನ್ನು ಅವರು ಒಮ್ಮೆ ಗಮ್ಮತ್ತಾಗಿ ಬಯಲಿಗೆ ತಂದರು. ಹಾರ್ಟ್ ಅಟ್ಯಾಕ್ ಆದವರನ್ನು ಆಸ್ಪತ್ರೆಯ ವಿಶೇಷ ಘಟಕದಲ್ಲಿ ಇಡುವುದು ಒಳ್ಳೆಯದಾ, ಮನೆಯಲ್ಲೇ ನೋಡಿಕೊಳ್ಳುವುದಾ ಅಂತ ಒಂದು ಟ್ರಯಲ್ ನಡೆಯುತ್ತಿತ್ತು. ಮನೆಯಲ್ಲಿ ಇಡುವುದೇ ಪಾಪ ಅಂತ ಹೃದಯತಜ್ಞರ ವಾದ. ಮಧ್ಯದಲ್ಲಿ ಬಂದ ಅಂಕಿಗಳಲ್ಲಿ ಮನೆಯಲ್ಲಿದ್ದವರಿಗೇ ತುಸು ಲಾಭ ಕಂಡಿತು. ಖಚಿತ ಅನ್ನುವಷ್ಟು ವ್ಯತ್ಯಾಸ ಏನೂ ಇಲ್ಲ. ಕೊಕ್ರೇನ್ ಎರಡು ಕಾಲಂ ಅದಲುಬದಲು ಮಾಡಿ, ಆಸ್ಪತ್ರೆಯೇ ಉತ್ತಮ ಅನ್ನುವ ಹಾಗೆ ತಜ್ಞರಿಗೆ ತೋರಿಸಿದರು. ಇದು ಅನ್ಯಾಯ, ಟ್ರಯಲ್ ಈಗಲೇ ನಿಲ್ಲಿಸಿ ಅಂತ ಅವರೆಲ್ಲ ಗದರಿದರು. ಪೂರ್ತಿ ಕೂಗಾಡಲು ಬಿಟ್ಟು, ಆಮೇಲೆ ನಿಜವಾದ ಅಂಕಿ ತೋರಿಸಿ, ಹಾಗಾದ್ರೆ ಆಸ್ಪತ್ರೆಯ ಘಟಕಗಳನ್ನೂ ಈಗಲೇ ಮುಚ್ಚೋಣವೇ ಅಂತ ಕೇಳಿದರು. ಕೋಣೆಯಲ್ಲಿ ಒಂದು ಶಬ್ದ ಇಲ್ಲ.

1960ರಲ್ಲಿ ಅವರು ಕಾರ್ಡಿಫ್‌ನಲ್ಲಿ ಪ್ರೊಫೆಸರ್ ಆದರು. ಸಂಶೋಧನಾ ಘಟಕದ ಮುಖ್ಯಸ್ಥರೂ ಅವರೇ. 1972ರಲ್ಲಿ ಎಫೆಕ್ಟಿವ್‌ನೆಸ್ ಅಂಡ್ ಎಫಿಷಿಯೆನ್ಸಿ ಅನ್ನುವ ಸಣ್ಣ ಪುಸ್ತಕ ಬಂತು. ಸರಕಾರದ ಹಣಕ್ಕೆ ಮಿತಿ ಇದೆ, ಪರಿಣಾಮ ಇದೆ ಅಂತ ಸರಿಯಾದ ಟ್ರಯಲ್‌ನಲ್ಲಿ ಕಂಡ ಚಿಕಿತ್ಸೆಗೇ ಅದನ್ನು ಹಾಕಬೇಕು ಅನ್ನುವುದು ಅದರ ಸಾರ. 1979ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಟ್ರಯಲ್ ಮಾಡಿದರೆ ಸಾಲದು, ಒಂದೇ ವಿಷಯದ ಎಲ್ಲ ಟ್ರಯಲ್‌ಗಳನ್ನು ಒಟ್ಟುಸೇರಿಸಿ, ಹೊಸತು ಬಂದ ಹಾಗೆ ತಿದ್ದುತ್ತಾ ಇರುವ ಸಾರಾಂಶ ಯಾಕಿಲ್ಲ ಅಂತ ವೈದ್ಯಲೋಕವನ್ನು ತರಾಟೆಗೆ ತೆಗೆದುಕೊಂಡರು. ಅತಿ ಹಿಂದುಳಿದ ವಿಭಾಗ ಅಂತ ಅವರು ತಮಾಷೆಗೆ ಮರದ ಚಮಚದ ಬಹುಮಾನ ಕೊಟ್ಟದ್ದು ಹೆರಿಗೆ ವಿಭಾಗಕ್ಕೆ. ಅದು ಇಯಾನ್ ಚಾಮರ್ಸ್ ಅನ್ನುವ ಹೆರಿಗೆ ಸಂಶೋಧಕರಿಗೆ ಸರಿಯಾಗಿ ನಾಟಿತು. ಅವರೂ ಗೆಳೆಯರೂ ಸೇರಿ ಬಸಿರು, ಹೆರಿಗೆ, ನವಜಾತ ಶಿಶುಗಳ ಬಗ್ಗೆ ನಡೆದ ಟ್ರಯಲ್‌ಗಳನ್ನೆಲ್ಲ ಹುಡುಕಿ ಪಟ್ಟಿ ಮಾಡಲು ಕೂತರು.

ಕೊಕ್ರೇನ್ ಮದುವೆ ಆಗಲಿಲ್ಲ. ವೇಲ್ಸ್‌ನ ಮನೆಯ ತೋಟ ಅಂದ್ರೆ ಪ್ರಾಣ, ಚಿತ್ರಕಲೆಯ ಹುಚ್ಚೂ ಇತ್ತು. 1988ರ ಜೂನ್ 18ರಂದು, 79ನೇ ವಯಸ್ಸಿನಲ್ಲಿ ತೀರಿಕೊಂಡರು. ಚಾಮರ್ಸ್ ತಂಡದ ದೊಡ್ಡ ಗ್ರಂಥಕ್ಕೆ ಮುನ್ನುಡಿ ಬರೆದುಕೊಟ್ಟಿದ್ದರು. ಅದು ಅಚ್ಚಾದದ್ದು ಮರುವರ್ಷ.

ಏಳು ಗೆರೆಗಳು

ಆ ಪಟ್ಟಿಯಲ್ಲಿ ಏನು ಸಿಕ್ಕಿತು ಅನ್ನುವುದು ಕೊಕ್ರೇನ್ ಕಥೆಯ ಮುಖ್ಯ ಭಾಗ, ಅವರು ಹೋದ ಮೇಲೆ ನಡೆದದ್ದಾದರೂ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಗ್ರಹಾಂ ಲಿಗಿನ್ಸ್ ಅನ್ನುವ ವೈದ್ಯರು ಕುರಿಗಳ ಮೇಲೆ ಪ್ರಯೋಗ ಮಾಡುತ್ತಿದ್ದಾಗ, ಸ್ಟೀರಾಯ್ಡ್ ಪಡೆದ ಮರಿಗಳು ಅವಧಿಗಿಂತ ತುಂಬಾ ಮೊದಲೇ ಹುಟ್ಟಿದರೂ ಉಸಿರಾಡುವುದನ್ನು ನೋಡಿದರು. ಬಲಿಯದ ಶ್ವಾಸಕೋಶವನ್ನು ಸ್ಟೀರಾಯ್ಡ್ ಬೇಗ ಬಲಿಸುತ್ತಿತ್ತು. ಅವರು ಮತ್ತು ರಾಸ್ ಹೋವಿ ಸೇರಿ, ಅವಧಿಗೆ ಮುನ್ನ ಹೆರಿಗೆ ಆಗುವ ಅಪಾಯದಲ್ಲಿದ್ದ 282 ತಾಯಂದಿರಲ್ಲಿ ಟ್ರಯಲ್ ಮಾಡಿದರು. 1972ರಲ್ಲಿ ಫಲಿತಾಂಶ ಬಂತು. ಸ್ಟೀರಾಯ್ಡ್ ಸಿಕ್ಕ ಗುಂಪಿನಲ್ಲಿ ಹುಟ್ಟಿದ ಮೊದಲ ದಿನಗಳಲ್ಲಿ ತೀರಿಕೊಂಡ ಮಕ್ಕಳು ನೂರಕ್ಕೆ 3.2, ಸಿಗದ ಗುಂಪಿನಲ್ಲಿ 15.

ಇಷ್ಟು ಸ್ಪಷ್ಟ ಇದ್ದರೂ ಹೆಚ್ಚಿನ ಡಾಕ್ಟರುಗಳು ಅದನ್ನು ಬಳಸಲಿಲ್ಲ. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಟ್ರಯಲ್ ನಡೆದವು. ಕೆಲವು ಸಣ್ಣವು, ಬಿಡಿಯಾಗಿ ನೋಡಿದರೆ ಲಾಭ ಇದೆಯೋ ಇಲ್ಲವೋ ಗೊತ್ತಾಗದಂಥವು. ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಿದ ವಿಮರ್ಶೆ ಬಂದದ್ದು 1989ರಲ್ಲಿ. ಸೇರಿಸಿ ನೋಡಿದರೆ ಸಂಶಯಕ್ಕೆ ಜಾಗವೇ ಇರಲಿಲ್ಲ, ಈ ಮಕ್ಕಳ ಸಾವಿನ ಸಂಭವ 30ರಿಂದ 50 ಶೇಕಡಾ ಇಳಿಯುತ್ತಿತ್ತು. ಹತ್ತು ವರ್ಷ ಮೊದಲೇ ಯಾರಾದರೂ ಕೂಡಿಸಿ ನೋಡಿದ್ದರೂ ಉತ್ತರ ಸಿಗುತ್ತಿತ್ತು. ಈ ಮಧ್ಯೆ ಜಗತ್ತಿನಲ್ಲಿ ಹತ್ತಾರು ಸಾವಿರ ಮಕ್ಕಳು ಅನ್ಯಾಯವಾಗಿ ಸತ್ತಿರಬಹುದು ಅನ್ನುವ ಅಂದಾಜಿದೆ. ಮದ್ದು ಇತ್ತು, ಅದರ ಸಾಕ್ಷಿಯೂ ಲೈಬ್ರರಿಗಳಲ್ಲಿ ಇತ್ತು. ಕೂಡಿಸಿದವರು ಇರಲಿಲ್ಲ.

1992ರಲ್ಲಿ ಚಾಮರ್ಸ್ ಆಕ್ಸ್‌ಫರ್ಡ್‌ನಲ್ಲಿ ಕೊಕ್ರೇನ್ ಹೆಸರಿನ ಕೇಂದ್ರ ತೆರೆದರು. ಮರುವರ್ಷ ಅದು ಅಂತರರಾಷ್ಟ್ರೀಯ ಸಂಸ್ಥೆ ಆಯಿತು. ಅದರ ಲೋಗೋ ನೋಡಿ. ವೃತ್ತದೊಳಗೆ ನಡುವೆ ಒಂದು ಉದ್ದಗೆರೆ, ಏಳು ಅಡ್ಡಗೆರೆಗಳು, ಕೆಳಗೆ ಒಂದು ವಜ್ರದ ಆಕಾರ. ಸುಮ್ಮನೆ ಡಿಸೈನ್ ಅನಿಸುತ್ತದೆ. ಒಂದೊಂದು ಅಡ್ಡಗೆರೆಯೂ ಈ ಸ್ಟೀರಾಯ್ಡ್‌ನ ಒಂದೊಂದು ಟ್ರಯಲ್. ಗೆರೆ ಉದ್ದ ಇದ್ದಷ್ಟೂ ಅನಿಶ್ಚಿತತೆ ಜಾಸ್ತಿ. ಉದ್ದಗೆರೆಯನ್ನು ಮುಟ್ಟಿದರೆ ಆ ಒಂದು ಟ್ರಯಲ್‌ನಿಂದ ಏನೂ ಖಚಿತ ಹೇಳಲು ಆಗದು. ಕೆಳಗಿನ ವಜ್ರ ಏಳನ್ನೂ ಸೇರಿಸಿದ ಉತ್ತರ. ಅದು ಉದ್ದಗೆರೆಯ ಎಡಕ್ಕೆ, ಮಕ್ಕಳು ಬದುಕುವ ಕಡೆಗೆ, ನಿಂತಿದೆ.

ಅದೇ ಮದ್ದು, ಬೇರೆ ಉತ್ತರ

ಈಗ ನಮ್ಮ ಮಳೆಗಾಲದ ಮಗುವಿಗೆ ಬರೋಣ. ಅವಧಿಗೆ ಮುನ್ನ ಹುಟ್ಟುವ ಮಗುವಿನ ಶ್ವಾಸಕೋಶಕ್ಕೆ ಸ್ಟೀರಾಯ್ಡ್ ವರ. ಹಾಗಿದ್ದರೆ ಬ್ರಾಂಕಿಯೋಲೈಟಿಸ್ ಆದ ಶ್ವಾಸಕೋಶಕ್ಕೆ? 1969ರಲ್ಲೇ 297 ಮಕ್ಕಳಲ್ಲಿ ಒಂದು ಟ್ರಯಲ್ ನಡೆದಿತ್ತು, ಉಪಯೋಗ ಕಾಣಲಿಲ್ಲ. ಆದರೂ ಕೊಡುವುದು ನಿಲ್ಲಲಿಲ್ಲ. ಕಾರಣ ಸಲೋನಿಕಾದಲ್ಲಿ ಕೊಕ್ರೇನ್ ಕಂಡದ್ದೇ. ಈ ಕಾಯಿಲೆ ಹೆಚ್ಚಿನ ಮಕ್ಕಳಲ್ಲಿ ಕೆಲವು ದಿನ ಜೋರಾಗಿ ಆಮೇಲೆ ತಾನಾಗಿ ಇಳಿಯುತ್ತದೆ. ಜೋರಾದ ದಿನ ಡೋಸ್ ಕೊಟ್ಟು, ಎರಡು ದಿನ ಬಿಟ್ಟು ಮಗು ನಕ್ಕರೆ, ಮದ್ದಿಗೆ ಹೆಸರು ಬರುತ್ತದೆ.

2007ರಲ್ಲಿ ಅಮೆರಿಕದ 20 ತುರ್ತು ಚಿಕಿತ್ಸಾ ವಿಭಾಗಗಳಲ್ಲಿ 600 ಮಕ್ಕಳ ಟ್ರಯಲ್ ಪ್ರಕಟವಾಯಿತು. ಡೆಕ್ಸಾಮೆಥಸೋನ್ ಪಡೆದವರಲ್ಲಿ ಆಸ್ಪತ್ರೆಗೆ ಸೇರಬೇಕಾಗಿ ಬಂದವರು 39.7 ಶೇಕಡಾ, ಮದ್ದಿಲ್ಲದ ಹುಸಿ ಡೋಸ್ ಪಡೆದವರಲ್ಲಿ 41. ಅಂದ್ರೆ ವ್ಯತ್ಯಾಸ ಇಲ್ಲ ಅಂತಲೇ ಲೆಕ್ಕ. 2009ರಲ್ಲಿ ಕೆನಡಾದಲ್ಲಿ 800 ಮಕ್ಕಳ ಟ್ರಯಲ್ ಆಯಿತು. ಸ್ಟೀರಾಯ್ಡ್ ಒಂದೇ ಕೊಟ್ಟರೆ ಪ್ರಯೋಜನ ಇಲ್ಲ. ನೆಬ್ಯುಲೈಜರಿನಲ್ಲಿ ಎಪಿನೆಫ್ರಿನ್ ಜೊತೆ ಸೇರಿಸಿ ಕೊಟ್ಟಾಗ ಸ್ವಲ್ಪ ಲಾಭ ಇರಬಹುದು ಅನ್ನುವ ಸುಳಿವು ಸಿಕ್ಕಿತು, ಆದರೆ ಅಂಕಿಅಂಶದ ಕಟ್ಟುನಿಟ್ಟಿನ ಲೆಕ್ಕದಲ್ಲಿ ಅದು ನಿಲ್ಲಲಿಲ್ಲ. 2013ರಲ್ಲಿ ಕೊಕ್ರೇನ್ ವಿಮರ್ಶೆ 17 ಟ್ರಯಲ್‌ಗಳ 2,596 ಮಕ್ಕಳನ್ನು ಒಟ್ಟುಸೇರಿಸಿ ನೋಡಿತು. ಆಸ್ಪತ್ರೆಗೆ ಸೇರುವುದು ಕಡಿಮೆ ಆಗಲಿಲ್ಲ, ಸೇರಿದವರು ಬೇಗ ಮನೆಗೆ ಹೋಗಲೂ ಇಲ್ಲ. 2014ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, 2015ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ, ಬ್ರಾಂಕಿಯೋಲೈಟಿಸ್‌ಗೆ ಸ್ಟೀರಾಯ್ಡ್ ಬೇಡ ಅಂತ ಬರೆದವು. ಹಾಗಾದ್ರೆ ಮಾಡುವುದೇನು? ಆಮ್ಲಜನಕ ಕಡಿಮೆ ಇದ್ದರೆ ಕೊಡುವುದು, ಮೂಗು ಕಟ್ಟಿದರೆ ಬಿಡಿಸುವುದು, ಹಾಲು ಕುಡಿಯದಿದ್ದರೆ ನಳಿಕೆಯಲ್ಲೋ ಡ್ರಿಪ್‌ನಲ್ಲೋ ದ್ರವ ಕೊಡುವುದು, ಮಗುವನ್ನು ಬಿಡದೆ ಗಮನಿಸುವುದು. ಕೇಳಲು ಸಪ್ಪೆ. ಈ ಮಕ್ಕಳನ್ನು ಉಳಿಸುವುದು ಅದೇ.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಇದನ್ನು ಓದಿ ಮನೆಯಲ್ಲಿ ಅಸ್ತಮಾಕ್ಕೋ ಕ್ರೂಪ್‌ಗೋ ಡಾಕ್ಟರ್ ಬರೆದ ಸ್ಟೀರಾಯ್ಡ್ ನಿಲ್ಲಿಸಬೇಡಿ. ಅಲ್ಲಿ ಲೆಕ್ಕ ಬೇರೆ.

ಲೆಕ್ಕ ಊರಿನಿಂದ ಊರಿಗೂ ಬದಲಾಗುತ್ತದೆ ಅನ್ನುವುದಕ್ಕೆ ಕರ್ನಾಟಕದಲ್ಲೇ ಸಾಕ್ಷಿ ಉಂಟು. ಅವಧಿಪೂರ್ವ ಹೆರಿಗೆಗೆ ಸ್ಟೀರಾಯ್ಡ್ ಅಷ್ಟು ಒಳ್ಳೆಯದಾದರೆ ಹಳ್ಳಿಹಳ್ಳಿಗೂ ಮುಟ್ಟಿಸೋಣ ಅಂತ ಆರು ದೇಶಗಳಲ್ಲಿ, ಹೆಚ್ಚುಕಡಿಮೆ ಒಂದು ಲಕ್ಷ ಹೆರಿಗೆಗಳಲ್ಲಿ ಒಂದು ಟ್ರಯಲ್ ನಡೆಯಿತು. ನಮ್ಮ ಬೆಳಗಾವಿಯೂ ಅದರಲ್ಲಿತ್ತು. 2015ರಲ್ಲಿ ಬಂದ ಫಲಿತಾಂಶ ಎಲ್ಲರಿಗೂ ಶಾಕ್. ಒಟ್ಟಾರೆ ನವಜಾತ ಶಿಶುಗಳ ಸಾವು ಇಳಿಯುವ ಬದಲು ತುಸು ಏರಿತ್ತು, ಸಾವಿರಕ್ಕೆ 23.9 ಇದ್ದಲ್ಲಿ 27.4. ಸ್ಕ್ಯಾನಿಂಗ್ ಸರಿಯಾಗಿ ಸಿಗದ ಕಡೆ ಬಸಿರಿನ ವಾರ ಲೆಕ್ಕ ಹಾಕುವುದು ಕಷ್ಟ, ಅವಧಿಪೂರ್ವ ಅಲ್ಲದ ಎಷ್ಟೋ ತಾಯಂದಿರಿಗೂ ಮದ್ದು ಹೋಗಿತ್ತು. ಹಾಗಂತ ಕೈಬಿಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ 29 ಆಸ್ಪತ್ರೆಗಳಲ್ಲಿ, ವಾರವನ್ನು ಸ್ಕ್ಯಾನಿಂಗ್‌ನಿಂದ ಖಚಿತ ಮಾಡಿಕೊಂಡು, 2,852 ತಾಯಂದಿರಲ್ಲಿ ಮತ್ತೆ ಟ್ರಯಲ್ ಮಾಡಿಸಿತು. ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು ಇದರಲ್ಲೂ ಭಾಗಿ. 2020ರಲ್ಲಿ ಉತ್ತರ ಬಂತು. ಡೆಕ್ಸಾಮೆಥಸೋನ್ ಪಡೆದ ಗುಂಪಿನಲ್ಲಿ ನವಜಾತ ಶಿಶುಗಳ ಸಾವು 19.6 ಶೇಕಡಾ, ಪಡೆಯದ ಗುಂಪಿನಲ್ಲಿ 23.5. ಲಾಭ ಸ್ಪಷ್ಟ ಆದ್ದರಿಂದ ಟ್ರಯಲ್ ಬೇಗ ನಿಲ್ಲಿಸಿದರು.

ಅದೇ ವರ್ಷ ಕೋವಿಡ್. ನಾವೆಲ್ಲ ಮನೆಯಲ್ಲಿ ಆನ್‌ಲೈನ್ ಕ್ಲಾಸ್ ಕೇಳುತ್ತಿದ್ದಾಗ ಬ್ರಿಟನ್ನಿನ ರಿಕವರಿ ಟ್ರಯಲ್ ಇದೇ ಡೆಕ್ಸಾಮೆಥಸೋನನ್ನು ಪರೀಕ್ಷಿಸಿತು. ವೆಂಟಿಲೇಟರಿನಲ್ಲಿ ಇದ್ದವರಲ್ಲಿ ಸಾವು ಸುಮಾರು ಮೂರನೇ ಒಂದರಷ್ಟು ಇಳಿಯಿತು. ಆಮ್ಲಜನಕವೇ ಬೇಕಿಲ್ಲದವರಿಗೆ ಲಾಭ ಆಗಲಿಲ್ಲ. ಒಂದೇ ಮದ್ದು, ಒಂದೇ ಕಾಯಿಲೆ, ಆದರೂ ಎರಡು ಉತ್ತರ. ಯಾರಿಗೆ ಕೊಡಬೇಕು ಅಂತ ಕೂತಲ್ಲೇ ಯೋಚಿಸಿ ಹೇಳಲು ಯಾವ ಬುದ್ಧಿವಂತನಿಗೂ ಆಗುತ್ತಿರಲಿಲ್ಲ.

2007ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಣ ಕೊಟ್ಟು ಕೊಕ್ರೇನ್ ಲೈಬ್ರರಿಯನ್ನು ನಮ್ಮ ದೇಶದ ಎಲ್ಲರಿಗೂ ಉಚಿತವಾಗಿ ತೆರೆಯಿತು. ಡಾಕ್ಟರ್ ಆಗಿರಬೇಕಿಲ್ಲ, ಪ್ರತಿ ವಿಮರ್ಶೆಗೂ ಸಾಮಾನ್ಯ ಓದುಗರಿಗೆ ಅಂತ ಒಂದು ಪುಟದ ಸಾರಾಂಶ ಇರುತ್ತದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಬರೆದುಕೊಟ್ಟ ಒಂದು ಚಿಕಿತ್ಸೆಯ ಹೆಸರು ಹಾಕಿ ಓದಿ ನೋಡಿ. ಅರ್ಥ ಆಗದ್ದನ್ನು ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಮರ್ಯಾದೆಯಿಂದ ಕೇಳಿ. 1956ರಲ್ಲಿ ಕೊಕ್ರೇನ್‌ಗೇ ಕೇಳಲು ಆಗದ ಪ್ರಶ್ನೆ ಅದು.